ಗಂಜಿ ಹಿಡಿಯದ ಏಪ್ರನ್

ಲಾಂಡ್ರಿಯ ಯಜಮಾನರ ಪಾಲಿಗೆ ಜಗತ್ತಿನಲ್ಲಿರುವುದು ಎರಡೇ ಬಗೆಯ ಬಟ್ಟೆ: ಗಂಜಿ ಹಾಕಿದ್ದು, ಗತಿಗೆಟ್ಟದ್ದು. ಅವರ ಅಂಗಡಿಯಿಂದ ಕರವಸ್ತ್ರ ಹೊರಬಿದ್ದರೂ ರಟ್ಟಿನಂತೆ ಸೆಟೆದೇ ಬೀಳಬೇಕು. ಒರೆಸಿಕೊಂಡವರ ಮೂಗು ಕೆತ್ತಿಹೋದರೆ ಅದು ಮೂಗಿನ ಹಣೆಬರಹ.

ಇಂಥವರ ಇಸ್ತ್ರಿ ಮೇಜಿನ ಪಕ್ಕ ನಿಂತು ಉಪದೇಶ ಕೇಳಿ ಕೇಳಿ ಹೆಂಡತಿಗೆ ಸಾಕಾಗಿತ್ತು. ಬಟ್ಟೆಗೆ ನೀರು ಹಿಡಿಯದ ಲೇಪ ಹಚ್ಚುವುದನ್ನು ಆಕೆ ಕಲಿತಿದ್ದಳು. ಆಸ್ಪತ್ರೆಯವರು ಆಪರೇಷನ್ ಕೋಣೆಯ ಏಪ್ರನ್‌ಗಳಿಗೆ ಅದನ್ನೇ ಕೇಳಿದ್ದರು. ಮಾದರಿ ಒಪ್ಪಿಗೆಯಾದರೆ ಆ ಕೆಲಸವೆಲ್ಲ ಆಕೆಯದು. ಮೇಜಿನಿಂದಲೂ ಉಪದೇಶದಿಂದಲೂ ಬಿಡುಗಡೆ.

ಲೇಪ ಒಣಗಿದ ಏಪ್ರನ್ ಮೇಲೆ ನೀರು ಚಿಮುಕಿಸಿದಳು. ಹನಿಗಳು ಮಣಿಯಾಗಿ ಉರುಳಿ ನೆಲಕ್ಕೆ ಬಿದ್ದವು.

"ನೋಡ್ರೀ, ಬಟ್ಟೇಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು ಇರುತ್ತೆ. ಉಬ್ಬಿಗೆ ನೀರಿಗಾಗದ ಮೇಣ, ತಗ್ಗಲ್ಲಿ ಗಾಳಿ. ಹನಿ ತುದಿ ಮೇಲೇ ಕೂರುತ್ತೆ, ಒಳಗಿಳಿಯಲ್ಲ."

"ನನಗೇ ಹೇಳ್ಕೊಡ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ಬಟ್ಟೆ ಒಗೀತಿದೀನಿ" ಎಂದರು, ಆಕೆಗಿಂತ ಮೂರೇ ವರ್ಷ ದೊಡ್ಡವರಾದ ಯಜಮಾನರು.

ಆಕೆ ಒಳಗೆ ಹೋದದ್ದೇ ತಡ, ಏಪ್ರನ್ನನ್ನು ಗಂಜಿಯಲ್ಲಿ ಅದ್ದಿದರು. ಗಂಜಿ ಜಾರಿಹೋಯಿತು. ಮತ್ತೆ ಅದ್ದಿದರು, ಮತ್ತೆ ಜಾರಿತು. ಹೆಂಡತಿ ಎದುರಾಡಿದ್ದು ಸಾಲದೆ ಬಟ್ಟೆಯೂ ಎದುರಾಡುವುದೇ? ಗಂಜಿಗೆ ಧಾರಾಳವಾಗಿ ಸೋಪಿನ ಪುಡಿ ಸುರಿದರು. ಸೋಪು ಬೆರೆತರೆ ನೀರಿನ ಬಿಗುವು ಸಡಿಲವಾಗಿ, ಮಣಿಯಾಗಿ ನಿಲ್ಲಬೇಕಾದ ಹನಿ ಹರಡಿಕೊಂಡು ಸಂದುಗೊಂದಿಗೆಲ್ಲ ನುಗ್ಗುತ್ತದೆ. ಗಾಳಿ ಎದ್ದುಹೋದ ಜಾಗದಲ್ಲಿ ಗಂಜಿ ಬಂದು ಕೂತಿತು. ಅದರ ಮೇಲೆ ಇಸ್ತ್ರಿ ಎಳೆದು, ಗೆದ್ದವರಂತೆ ಮೀಸೆ ತೀಡಿಕೊಂಡರು. ನಮ್ಮ ಗಂಡು ಕುಲಕ್ಕೆ ಗೆಲ್ಲಲು ಇಷ್ಟು ಸಾಕು.

ಆಸ್ಪತ್ರೆಯಲ್ಲಿ ಮಾದರಿ ಪರೀಕ್ಷಿಸುವ ದೊಡ್ಡ ನರ್ಸ್ ಎದುರು ಏಪ್ರನ್ ತಾವೇ ತೊಟ್ಟು, ಹೆಂಡತಿಯನ್ನು ಹಿಂದೆ ಸರಿಸಿ, ಎದೆಯುಬ್ಬಿಸಿ ನಿಂತರು.

"ಸುರೀರಿ ಮೇಡಂ, ಹೆದರ್ಬೇಡಿ!"

ದೊಡ್ಡ ನರ್ಸ್ ಹೆದರಲಿಲ್ಲ. ರಕ್ತದ ಬದಲಿಗೆ ಕಲಸಿಟ್ಟಿದ್ದ ಒಂದು ಜಗ್ ಕೆಂಪು ನೀರು ಸುರಿದೇಬಿಟ್ಟರು. ಏಪ್ರನ್, ಅಂಗಿ, ಬನಿಯನ್, ಯಾವುದೂ ಬೇಡವೆನ್ನಲಿಲ್ಲ.

"ಈ ಆಸ್ಪತ್ರೆ ನೀರೇ ಸರಿಯಿಲ್ಲ" ಎಂದರು ಯಜಮಾನರು.

"ಹೌದ್ರೀ, ಒದ್ದೆ ಸ್ವಲ್ಪ ಜಾಸ್ತಿ" ಎಂದರು ದೊಡ್ಡ ನರ್ಸ್.

ಹೆಂಡತಿ ಏಪ್ರನ್ ಅಂಚನ್ನು ಬೆರಳಲ್ಲಿ ಉಜ್ಜಿದಳು. ಅಂಟು, ಜೊತೆಗೆ ಸೋಪಿನ ನೊರೆ. ಮಿಕ್ಕದ್ದನ್ನು ಕೇಳುವ ಅಗತ್ಯ ಬೀಳಲಿಲ್ಲ.

"ಅಕ್ಕಾ, ಇನ್ನೊಂದು ಏಪ್ರನ್ ಕೊಡಿ. ಇದನ್ನ ಮನೇಲಿ ಮಾಡ್ತೀನಿ, ನಾನೇ ತಂದುಕೊಡ್ತೀನಿ."

"ಇವರು?"

"ಅಂಗಡೀಲಿರ್ತಾರೆ. ಮನೆ ಬೀಗದ ಕೈ ನನ್ನ ಹತ್ರ ಇರುತ್ತೆ."

ದೊಡ್ಡ ನರ್ಸ್ ಕಪಾಟಿನಿಂದ ಹೊಸ ಏಪ್ರನ್ ತೆಗೆದು ಆಕೆಯ ಕೈಗಿಟ್ಟರು.

"ಗಂಜಿ ಇಲ್ದೇನೇ ಕೊಡ್ತೀಯಾ? ನೋಡಿದವರು ಏನಂದ್ಕೋತಾರೆ!" ಎಂದರು ಯಜಮಾನರು, ನೆಲದ ಮೇಲೆ ಕೆಂಪಗೆ ತೊಟ್ಟಿಕ್ಕುತ್ತ.