ಆಯಿ ತಿಂದ ಹಂದಿ ಚರ್ಮ

ಮಗ ಗೋವಾದಿಂದ ಕರಿದ ಹಂದಿ ಚರ್ಮದ ಪಾಕೀಟ ತಂದು ಕರಕರ ಅಗಿಯಾಕತ್ತಾನ. ಆ ಸಪ್ಪಳಕ್ಕ ಖಾನಾಪುರದ ನಮ್ಮ ಹಿತ್ತಲ ಕಣ್ಣಮುಂದ ಬಂತು.

ನಾ ಸಣ್ಣಾಕಿದ್ದಾಗ, ಭತ್ತದ ಗದ್ದಿ ಕಾಯಾಕ ಹೋದ ಕಾಕಾನ ಹೊಟ್ಟಿ ಕಾಡಹಂದಿ ಸೀಳಿ ಕೊಂದಿತ್ತು. ಆತನ ಚಿತಿ ಆರೂದ್ರೊಳಗ ಊರ ಗಂಡಸರು ಆ ಹಂದೀನ ಕೊಡಲಿಲೆ ಕಡಿದು ನಮ್ಮ ಹಿತ್ತಲಕ್ಕ ಎಳಕೊಂಡ ಬಂದ್ರು. ಕೂದಲ ಸುಟ್ಟು, ಚರ್ಮ ಹೆಚ್ಚಿ, ಅದರ ಕೊಬ್ಬಿನಾಗ ಕರಿದ್ರು.

ಕಾಕಾನ ಅವ್ವ, ನಮ್ಮ ಆಯಿ, ಮಾಂಸ ಮುಟ್ಟದ ವಾರಕರಿ. ಪಂಢರಪುರದಾಗ ತುಳಸಿ ಮಾಲಿ ಹಾಕ್ಕೊಂಡ ಮ್ಯಾಲ ಆಕಿಗೆ ಮೀನಿನ ವಾಸನಿ ಸೈತ ಸೇರತಿರಲಿಲ್ಲ. ಅವತ್ತ ಆ ಮಾಲಿ ತಗದು ನನ್ನ ಕೊರಳಿಗೆ ಹಾಕಿ, ತಾಟಿನ ಮುಂದ ಕುಂತಳು.

"ಅವ್ವಾ, ಬ್ಯಾಡ!" ಅಂತ ಅಪ್ಪ ಕೈ ಹಿಡದ.

"ಬಿಡೋ. ಅದು ನನ್ನ ಮಗನ್ನ ತಿಂದೈತಿ."

ವಸಡಿನಿಂದ ರಕ್ತ ಇಳದ್ರೂ ತಾಟ ಖಾಲಿ ಆಗೂತನಕ ಅಗದಳು.

"ಒಂದ ತಿನ್ನವ್ವಾ" ಅಂತಾನ ಮಗ. ಆಯಿ ಸಾಯೂತನಕ ತಿರುಗಿ ಕೇಳದ ಮಾಲಿ ಇನ್ನೂ ನನ್ನ ಕೊರಳಾಗ ಐತಿ.