ಖಾನಾವಳಿಗೆ ಹತ್ತು ರೂಪಾಯಿ

ಇನ್‌ಕಮ್ ಟ್ಯಾಕ್ಸ್ ಅಂದರೆ ಜನ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ನೆರೆಹೊರೆಯವರು ಕಾಗದಪತ್ರ ಹಿಡಿದು ಸಲಹೆ ಕೇಳಲು ಬಂದರೆ ನನಗೆ ಅವತ್ತು ಹಬ್ಬ. "ಖರ್ಚು ಬರದಿಡ್ರಿ, ಆದರ ಖರೇ ಖರ್ಚು ಬರದಿಡ್ರಿ" ಎಂದು ನಾನು ಹೇಳುವಾಗ ಒಳಗಿನಿಂದ ನನ್ನ ಹೆಂಡತಿ ಕೆಮ್ಮುತ್ತಾಳೆ. ಆ ಕೆಮ್ಮಿನ ಕಥೆ ಇದು.

ಮೂವತ್ತರ ದಶಕದ ಆರಂಭ. ನಾನು ಧಾರವಾಡದಿಂದ ಪುಣೆಗೆ ಓದಲು ಬಂದಿದ್ದೆ. ನಮ್ಮ ಕಡೆಯ ಇಪ್ಪತ್ತೈದು ಹುಡುಗರು ಒಂದೇ ಖಾನಾವಳಿಯಲ್ಲಿ ಊಟ ಮಾಡುತ್ತಿದ್ದೆವು. ಹಳೆಯ ವಾಡೆಯೊಂದರ ಕೆಳಅಂತಸ್ತಿನಲ್ಲಿ, ಬೆಳಗಾವಿ ಕಡೆಯ ಒಬ್ಬ ವಿಧವೆ ಅದನ್ನು ನಡೆಸುತ್ತಿದ್ದರು. ಮನೆಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ನಾವೆಲ್ಲ ಅವರನ್ನು ಕಾಕು ಎನ್ನುತ್ತಿದ್ದೆವು. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಕೆನೆ ಮೊಸರು! ಇಡೀ ಪುಣೆಯಲ್ಲಿ ಅಂಥ ರೊಟ್ಟಿ ಇರಲಿಲ್ಲ, ಈಗಲೂ ಇಲ್ಲ, ಪಂಥ ಕಟ್ಟುತ್ತೇನೆ. ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ ಎಂಟು ರೂಪಾಯಿ.

ಕಾಕುಗೆ ಓದು ಬರಹ ಬರುತ್ತಿರಲಿಲ್ಲ. ಅಡಿಗೆಮನೆಯ ಗೋಡೆಯೇ ಅವರ ಲೆಕ್ಕದ ವಹಿ. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಜಾಗ, ಊಟಕ್ಕೊಂದು ಇದ್ದಿಲಿನ ಗೆರೆ, ರೊಕ್ಕ ಕೊಟ್ಟಾಗ ಒಂದು ಸೊನ್ನೆ. ಆ ಲೆಕ್ಕದಲ್ಲಿ ಒಂದು ಗೆರೆ ತಪ್ಪಿದ್ದನ್ನು ನಾನು ನೋಡಿಲ್ಲ.

ನನ್ನ ಲೆಕ್ಕದ ಕಥೆಯೇ ಬೇರೆ. ನನ್ನಪ್ಪ ನಿವೃತ್ತ ಹೆಡ್‌ಮಾಸ್ತರ. ತಿಂಗಳ ಕೊನೆಗೆ ನಾನು ಖರ್ಚಿನ ಪಟ್ಟಿ ಕಳಿಸಬೇಕು, ಅದನ್ನು ನೋಡಿ ಅವರು ಮನಿಯಾರ್ಡರ್ ಮಾಡಬೇಕು. ಹೀಗೆ ನಡೆದಿತ್ತು. ಪಟ್ಟಿಯಲ್ಲಿ ಪ್ರತಿ ತಿಂಗಳೂ ನಾನು ಬರೆಯುತ್ತಿದ್ದುದು: ಖಾನಾವಳಿ, ಹತ್ತು ರೂಪಾಯಿ. ಮೇಲಿನ ಎರಡು ರೂಪಾಯಿ ಎಲ್ಲಿಗೆ ಹೋಗುತ್ತಿತ್ತು? ಸಂಗೀತ ನಾಟಕಕ್ಕೆ! ಪುಣೆಗೆ ಬಂದು ನಾಟಕ ನೋಡದೆ ಇರುವುದು ಸಾಧ್ಯವೇ? ನಾಟಕ ಎಂದು ಬರೆದರೆ ಅಪ್ಪ ಮರುದಿನವೇ ಬಂದು ಕಿವಿ ಹಿಂಡಿ ಕರೆದೊಯ್ಯುತ್ತಾರೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಒಮ್ಮೆಯೂ ಕೇಳಿ ನೋಡಿರಲಿಲ್ಲ.

ದೀಪಾವಳಿ ಮುಗಿದ ವಾರ ಕಾಕುಗೆ ಸರಕಾರದ ನೋಟೀಸು ಬಂತು. ಅಲ್ಲಿಯವರೆಗೆ ವರ್ಷಕ್ಕೆ ಎರಡು ಸಾವಿರ ರೂಪಾಯಿ ಗಳಿಸುವವರಿಗೆ ಮಾತ್ರ ಇದ್ದ ಆದಾಯ ತೆರಿಗೆಯನ್ನು ಒಂದು ಸಾವಿರದವರಿಗೂ ಇಳಿಸಿದ್ದರು. ಇಪ್ಪತ್ತೈದು ಹುಡುಗರು ಉಣ್ಣುವ ಮನೆ ಯಾರದೋ ಕಣ್ಣಿಗೆ ಬಿದ್ದಿತ್ತು.

"ಇದೇನೋ ಕಾಗದಾ ಬಂದದ, ಓದಿ ಹೇಳೋ" ಎಂದರು ಕಾಕು. ನಾನು ಓದಿದೆ. ಅವರು ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದುಬಂದರು. ನನಗೋ, ನಿಜ ಹೇಳುತ್ತೇನೆ, ಮೈಯೆಲ್ಲ ಪುಳಕ! ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ, ಅಲ್ಲವೇ? "ಏನೂ ಚಿಂತೀ ಮಾಡಬ್ಯಾಡ್ರಿ, ನಾ ಅದೀನಿ" ಎಂದು ಕುಳಿತೇಬಿಟ್ಟೆ. ರಜೆ ಬಿಟ್ಟು ಹತ್ತು ತಿಂಗಳು, ಇಪ್ಪತ್ತೈದು ಜನ, ಎಂಟೆಂಟು ರೂಪಾಯಿ: ಎರಡು ಸಾವಿರ. ಜೋಳ, ಎಣ್ಣೆ, ಕಟ್ಟಿಗೆ, ಬಾಡಿಗೆ ಎಲ್ಲಕ್ಕೂ ಚೀಟಿಗಳಿದ್ದವು: ಒಂದು ಸಾವಿರದ ನಾನೂರ ಐವತ್ತು. ಉಳಿದದ್ದು ಐನೂರ ಐವತ್ತು. ಸಾವಿರಕ್ಕೆ ಎಷ್ಟೋ ಕೆಳಗೆ! ಫಾರ್ಮ್ ತುಂಬಿ ಕಾಕುನ ಹೆಬ್ಬೆಟ್ಟು ಒತ್ತಿಸಿ, ತೆರಿಗೆ ಕಚೇರಿಗೆ ನಾನೇ ವಕೀಲನಂತೆ ಜೊತೆಗೆ ಹೋದೆ.

ಸಾಹೇಬರು ಮರಾಠಿಯವರು, ತಾಳ್ಮೆಯ ಮನುಷ್ಯ. ಚೀಟಿಗಳನ್ನೆಲ್ಲ ನೋಡಿ, "ಎಂಟೇ ರೂಪಾಯಿ ಅನ್ನುವುದಕ್ಕೆ ಏನು ದಾಖಲೆ?" ಎಂದು ಮರಾಠಿಯಲ್ಲಿ ಕೇಳಿದರು.

ಕಾಕು ತಮ್ಮ ಅರ್ಧಂಬರ್ಧ ಮರಾಠಿಯಲ್ಲಿ ನಿಜವನ್ನೇ ಹೇಳಿದರು. ಲೆಕ್ಕವೆಲ್ಲ ಗೋಡೆಯ ಮೇಲಿತ್ತು. ದೀಪಾವಳಿಗೆ ಸುಣ್ಣ ಬಳಿದಾಗ ಹೋಯಿತು.

ಗುಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಾಹೇಬರು ನಗಲಿಲ್ಲ. ಎರಡು ವಾರ ಸಮಯ ಕೊಟ್ಟರು. ಅಷ್ಟರೊಳಗೆ ಏನಾದರೂ ಬರಹದ ದಾಖಲೆ ತರಬೇಕು. ಬರೆದುಕೊಟ್ಟದ್ದು ಸುಳ್ಳಾದರೆ ತೆರಿಗೆಯಲ್ಲದೆ ದಂಡವೂ ಬೀಳುತ್ತದೆ ಎಂದರು. ದಾರಿಯಲ್ಲಿ ಕಾಕು ಒಂದೇ ಮಾತಾಡಿದರು: "ಪೆಟಿಗ್ಯಾಗ ಬಂಗಾರದ ಎರಡ ಪಾಟ್ಲಿ ಬಳಿ ಅವ. ಅವನ್ನ ಮಾರಬಹುದು. ಆದರ ಸುಳ್ಳಿ ಅನ್ನಿಸಿಕೊಂಡ ಮ್ಯಾಲೆ ಈ ಪ್ಯಾಟ್ಯಾಗ ನನಗ ಉದ್ರಿ ಜ್ವಾಳಾ ಯಾರ ಕೊಡ್ತಾರೋ?"

ನನಗೆ ಹುಟ್ಟಿನಿಂದ ಒಂದು ಚಟ. ಸುತ್ತ ಏನಾದರೂ ನಡೆದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವತ್ತೇ ಅಪ್ಪನಿಗೆ ನಾಲ್ಕು ಪುಟದ ಪತ್ರ ಬರೆದೆ. ನೋಟೀಸು, ಗೋಡೆ, ಸುಣ್ಣ, ಸಾಹೇಬರ ಮೀಸೆ, ಎಲ್ಲವನ್ನೂ ಬಣ್ಣಿಸಿದೆ. ಎಂಟು ರೂಪಾಯಿ ಎಂಬ ಅಂಕಿಯೊಂದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೆ. ಎಂಥ ಜಾಣ!

ಹಾಜರಾಗುವ ದಿನ ಬೆಳಿಗ್ಗೆ ಅಪ್ಪ ಖಾನಾವಳಿಯ ಬಾಗಿಲಲ್ಲಿ ನಿಂತಿದ್ದರು. ರುಮಾಲು, ಕೋಟು, ಕೈಯಲ್ಲಿ ಒಂದು ಕಬ್ಬಿಣದ ತಂತಿ. ತಂತಿಗೆ ಎರಡು ವರ್ಷಗಳ ನನ್ನ ಪತ್ರಗಳು, ಒಂದೂ ಬಿಡದಂತೆ, ಪೋಣಿಸಿದ್ದವು.

"ಚಿಂತೀ ಬಿಡ್ರಿ, ತಾಯಿ" ಎಂದರು ಕಾಕುಗೆ. "ನನ್ನ ಮಗಾ ತಿಂಗಳಾ ತಿಂಗಳಾ ಲೆಕ್ಕಾ ಕಳಸ್ಯಾನ. ನಿಮಗ ಎಷ್ಟ ಕೊಟ್ಟಾನ ಅನ್ನೋದು ಇದರಾಗ ಬರದದ. ಬರ್ರಿ, ಹೋಗೂಣು."

ಅವರ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಮೆಟ್ರಿಕ್ ಪಾಸಾದಾಗಲೂ ಕಂಡಿರಲಿಲ್ಲ. ಕಚೇರಿಯವರೆಗೆ ಮೂವರೂ ನಡೆದೇ ಹೋದೆವು. ಅಪ್ಪ ದಾರಿಯುದ್ದಕ್ಕೂ ಕಾಕುಗೆ ಹಿತವಚನ ಹೇಳುತ್ತಿದ್ದರು: ಪೈಸಾ ಪೈಸಾ ಬರೆದಿಡಬೇಕು, ಪೋಸ್ಟಿನಲ್ಲಿ ಖಾತೆ ತೆಗೆಯಬೇಕು, ಮಕ್ಕಳಿಗೂ ಅದನ್ನೇ ಕಲಿಸಬೇಕು.

ಸಾಹೇಬರಿಗೆ ಕನ್ನಡ ಬಾರದು. ತಂತಿಯನ್ನು ನನ್ನ ಕೈಗೇ ಕೊಟ್ಟು, ಓದಿ ಮರಾಠಿಯಲ್ಲಿ ಹೇಳು ಎಂದರು. ಪಕ್ಕದಲ್ಲಿ ಅಪ್ಪ. ಅವರಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು.

"ಖಾನಾವಳಿ, ಹತ್ತು ರೂಪಾಯಿ" ಎಂದು ಓದಿದೆ. ಮುಂದಿನ ತಿಂಗಳದ್ದೂ ಹತ್ತು. ಅದರ ಮುಂದಿನದೂ ಹತ್ತು.

ಸಾಹೇಬರು ಕಾಗದದ ಮೇಲೆ ಗೀಚಿದರು. ಹತ್ತರ ಲೆಕ್ಕದಲ್ಲಿ ಎರಡೂವರೆ ಸಾವಿರ ಬರುತ್ತಿತ್ತು. ಖರ್ಚು ಕಳೆದರೆ ಒಂದು ಸಾವಿರದ ಐವತ್ತು! ಮಿತಿ ದಾಟಿತು. ಅವರು ಕಾಕುನ ಹೆಬ್ಬೆಟ್ಟಿನ ಫಾರ್ಮನ್ನು ಮುಂದೆ ಎಳೆದುಕೊಂಡು ಕನ್ನಡಕ ಸರಿಮಾಡಿದರು.

"ಹತ್ತಲ್ರೀ, ಎಂಟು!" ಎಂದರು ಕಾಕು ಕನ್ನಡದಲ್ಲಿ. ಆಮೇಲೆ ನನ್ನ ಕಡೆ ತಿರುಗಿದರು. "ನೀನರ ಹೇಳೋ, ನಾ ಯಾವಾಗ ಹತ್ತ ತಗೊಂಡೀನಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಾಗದ ದಿಗಿಲಿತ್ತು. ನಾನು ಎದ್ದು ನಿಂತೆ. ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ: ಇವರು ಪಡೆದದ್ದು ಎಂಟು, ಪತ್ರದಲ್ಲಿ ಹತ್ತು ಎಂದು ಬರೆದದ್ದು ನಾನು, ಎರಡು ರೂಪಾಯಿ ನಾಟಕಕ್ಕೆ ಹೋಯಿತು.

ಗುಮಾಸ್ತರು ಈ ಸಲ ಕೈ ಅಡ್ಡ ಹಿಡಿಯದೆ ನಕ್ಕರು. ಸಾಹೇಬರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. "ಅಪ್ಪನ ಎದುರಿಗೆ ತನ್ನ ಮೇಲೇ ಹೀಗೆ ಸುಳ್ಳು ಹೇಳಿಕೊಳ್ಳುವ ಮಗ ಇರಲಾರ" ಎಂದು, ನಾನು ಹೇಳಿದ್ದನ್ನು ಬರೆಸಿಕೊಂಡು ನನ್ನ ಸಹಿ ಹಾಕಿಸಿದರು. ಎಂಟರ ಲೆಕ್ಕವೇ ನಿಂತಿತು. ತೆರಿಗೆ ಇಲ್ಲ, ದಂಡ ಇಲ್ಲ! ಕಾಕು ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಕುಣಿಯಬೇಕೆನಿಸಿತು, ನೆಲದೊಳಗೆ ಹೋಗಬೇಕೆಂದೂ ಅನಿಸಿತು.

ಅಪ್ಪ ತಂತಿಯನ್ನು ಎತ್ತಿಕೊಂಡು ಹೊರಗೆ ಬಂದರು. ಕಾಕುಗೆ ಮಾತ್ರ ಕೈಮುಗಿದು, "ನನ್ನ ಮಗನ ಕೈಲೆ ನಿಮ್ಮ ಹೆಸರು ಕೆಡತಿತ್ತು. ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ಕಾಕು ಬಡಿಸಿದ ರೊಟ್ಟಿ ಉಂಡು ಸಂಜೆಯ ರೈಲು ಹತ್ತಿದರು. ಸ್ಟೇಷನ್ನಿನಲ್ಲಿ ನಾನು ಕಾಲಿಗೆರಗಿದೆ. ತಲೆಯ ಮೇಲೆ ಕೈ ಇಟ್ಟರು, ಅಷ್ಟೇ.

ಮರುದಿನ ದಪ್ಪ ವಹಿಯೊಂದನ್ನು ತಂದು ಕಾಕುನ ಅಡಿಗೆಮನೆಯಲ್ಲಿ ತೂಗುಹಾಕಿದೆ. ಅವರು ಗೋಡೆಗೆ ಗೆರೆ ಹಾಕುವುದನ್ನು ಬಿಡಲಿಲ್ಲ. ನಾನು ಪ್ರತಿದಿನ ಗೋಡೆ ನೋಡಿ ವಹಿಯಲ್ಲಿ ಬರೆದೆ.

ತಿಂಗಳ ಕೊನೆಗೆ ಪಟ್ಟಿ ಕಳಿಸಿದೆ: ಖಾನಾವಳಿ, ಎಂಟು ರೂಪಾಯಿ. ನಾಟಕದ ಆಸೆಗೆ ಎಳ್ಳುನೀರು ಬಿಟ್ಟಿದ್ದೆ. ಪೋಸ್ಟ್‌ಮನ್ ಬಂದ. ರೊಕ್ಕ ಎಣಿಸಿದೆ. ಎರಡು ರೂಪಾಯಿ ಹೆಚ್ಚು! ಮತ್ತೆ ಎಣಿಸಿದೆ. ಆಮೇಲೆ ಮನಿಯಾರ್ಡರಿನ ಚೀಟಿ ತಿರುವಿದೆ. ಅಪ್ಪನ ದುಂಡಗಿನ ಅಕ್ಷರ:

"ಖಾನಾವಳಿ ಎಂಟು. ನಾಟಕ ಎರಡು. ನಾಟಕ ಹೆಂಗಿತ್ತು, ಅದನ್ನೂ ಬರಿ."