ಅರವತ್ತು ದಾಟಿದರೆ ನಡುಗುವ ಕಾರು

ಮೇಸ್ತ್ರಿಗೆ ಬಲಗಡೆಯ ಹುಬ್ಬು ಇರಲಿಲ್ಲ. ಯಾವುದೋ ಕಾರಿನ ಕಾರ್ಬ್ಯುರೇಟರ್ ಹೊತ್ತಿಕೊಂಡಾಗ ಸುಟ್ಟುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಹಾಗಾಗಿ ಅವರು ಸುಮ್ಮನೆ ನಿಂತಿದ್ದರೂ ಎದುರಿನವರ ಮಾತನ್ನು ಅರ್ಧ ಮಾತ್ರ ನಂಬಿದವರಂತೆ ಕಾಣುತ್ತಿದ್ದರು. ತಿಪಟೂರಿನ ಹುಳಿಯಾರು ರಸ್ತೆಯಲ್ಲಿ, ಹುಣಸೆಮರದ ಕೆಳಗೆ ಅವರ ಗ್ಯಾರೇಜು. ನಾಲ್ಕು ತಗಡು, ಒಂದು ಗುಂಡಿ, ಒಂದು ಕಲ್ಲುಬೆಂಚು, ಅಷ್ಟೇ. ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರಿನಿಂದ ಉಜ್ಜಿಕೊಳ್ಳುತ್ತಾ ಮಾತಾಡುತ್ತಿದ್ದರು.

ಅಲ್ಲಿ ಅವರದೇ ಒಂದು ಕಟ್ಟಳೆ ಇತ್ತು. ಗಾಡಿಯ ಯಜಮಾನ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂರಬೇಕು, ಗಾಡಿ ಓಡಿಸುವವನು ಮಾತಾಡಬೇಕು. ಎಷ್ಟೇ ದೊಡ್ಡ ಕೊಬ್ಬರಿ ಮಂಡಿಯ ಸಾಹುಕಾರನಾದರೂ ಇದರಲ್ಲಿ ರಿಯಾಯಿತಿ ಇಲ್ಲ. ಡ್ರೈವರುಗಳಿಗೆ ಇದು ಹಬ್ಬ. ಸಾಹುಕಾರರಿಗೆ ಒಳಗೊಳಗೇ ಉರಿ. ಆದರೆ ಕೆಲಸ ಚೊಕ್ಕವಾದ್ದರಿಂದ ಸಹಿಸಿಕೊಂಡು ಬರುತ್ತಿದ್ದರು. ನಮ್ಮ ಅಪ್ಪನೂ ಅಂಥ ಒಬ್ಬ ಸಾಹುಕಾರ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಗಂಡಿನ ಕಡೆಯವರು ಬರುವುದು, ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲುವುದು, ಇಷ್ಟೇ ಬದುಕು. ಯಾವುದೋ ಒಳ್ಳೆಯ ಗಳಿಗೆಯಲ್ಲಿ ಅಪ್ಪ ನಾನು ಕಾರು ಕಲಿಯಲು ಒಪ್ಪಿದ್ದರು. ದಿನಾ ಬೆಳಿಗ್ಗೆ ಒಂದು ಗಂಟೆ, ಪಕ್ಕದಲ್ಲಿ ನಮ್ಮ ವಯಸ್ಸಾದ ಡ್ರೈವರು, ಹುಳಿಯಾರು ರಸ್ತೆಯಲ್ಲಿ ಹೋಗಿ ಬರುವುದು. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಒಂದು ಗಂಟೆ.

ಆ ಬೇಸಿಗೆಯಲ್ಲಿ ಕಾರು ನಡುಗಲು ಶುರುವಾಯಿತು. ಐವತ್ತರವರೆಗೆ ಏನೂ ಇಲ್ಲ. ಅರವತ್ತು ದಾಟಿತೋ, ಸ್ಟೀರಿಂಗು ಚಳಿಜ್ವರ ಬಂದಂತೆ ಅದುರುತ್ತಿತ್ತು. ಇವಳು ಎಲ್ಲೋ ಕಲ್ಲಿಗೆ ಗುದ್ದಿ ಮುಚ್ಚಿಟ್ಟಿದ್ದಾಳೆ ಅಂತ ಮೊದಲು ಹೇಳಿದವನು ನನ್ನ ಅಣ್ಣ. ಎಲ್ಲಿಗೂ ಗುದ್ದಿಲ್ಲ ಅಂತ ಡ್ರೈವರು ಹೇಳಿದ್ದಕ್ಕೆ, ಅವನೂ ಇವಳ ಜೊತೆ ಸೇರಿಕೊಂಡಿದ್ದಾನೆ ಅಂತ ಮನೆಯವರೆಲ್ಲ ಅಂದರು. ಅಜ್ಜಿ ಹೆಣ್ಣಿನ ಕೈ ತಾಗಿದ್ದಕ್ಕೇ ಹೀಗಾಯಿತು ಎಂದು ಕಾರಿಗೆ ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆಸಿದರು. ಮಂಡಿಯ ಹಮಾಲಿಗಳೂ ನನ್ನನ್ನು ನೋಡಿ ನಕ್ಕರು. ನನ್ನ ಕಲಿಕೆ ನಿಂತಿತು. ಮೇಸ್ತ್ರಿಯ ಬೆಂಚು ಬೇಡವೆಂದು ಬೇರೆ ಎರಡು ಗ್ಯಾರೇಜಿನಲ್ಲಿ ಕಾರು ಬಿಟ್ಟರು. ಎರಡೂ ಕಡೆ, ಹುಡುಗಿ ಗುದ್ದಿದ್ದಾಳೆ ನೋಡಿ ಅಂತ ಅಪ್ಪ ಮೊದಲೇ ಹೇಳಿದರು. ಅವರೂ ಗುದ್ದಿದ ಜಾಗವನ್ನೇ ಹುಡುಕಿ, ಸಿಗದಿದ್ದರೂ ಒಂದಷ್ಟು ಸಾಮಾನು ಬದಲಾಯಿಸಿದರು. ನಡುಕ ಹೋಗಲಿಲ್ಲ. ಎರಡು ತಿಂಗಳು ನಾನು ಆ ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡಿದೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕೊನೆಗೆ ಅಪ್ಪ, ಅಣ್ಣ ಇಬ್ಬರೂ ಮೇಸ್ತ್ರಿಯ ಹತ್ತಿರ ಹೋದರು. ಅಪ್ಪ ಅಲ್ಲೂ ಅದೇ ಕಥೆ ಶುರುಮಾಡಿದರಂತೆ. ಓಡಿಸಿದ್ದು ಆಯಮ್ಮ ಅನ್ನುವುದಾದರೆ ಆಯಮ್ಮನನ್ನೇ ಕರೆತನ್ನಿ, ಅಲ್ಲಿಯವರೆಗೆ ಗಾಡಿ ಮುಟ್ಟುವುದಿಲ್ಲ ಎಂದು ಮೇಸ್ತ್ರಿ ನಾರು ತೆಗೆದುಕೊಂಡು ಕೈ ಉಜ್ಜತೊಡಗಿದರಂತೆ. ಹೀಗೆ ನನ್ನನ್ನು ಕಟಕಟೆಗೆ ಕರೆತಂದಂತೆ ಅಲ್ಲಿಗೆ ಕರೆತಂದರು.

ಅಪ್ಪ, ಅಣ್ಣ ಬೆಂಚಿನ ಮೇಲೆ ಕೂತರು. ಮೇಸ್ತ್ರಿ ನನ್ನ ಕಡೆ ತಿರುಗಿ, "ಹೇಳವ್ವ, ಎಲ್ಲಿ ನಡುಗ್ತದೆ, ಯಾವಾಗ ನಡುಗ್ತದೆ, ನಿಂಗೆ ಕಂಡಂಗೆ ಹೇಳು" ಅಂದರು. ಎರಡು ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಸೀಟು ಅಲ್ಲ, ಸ್ಟೀರಿಂಗ್ ಅದುರುತ್ತದೆ ಅಂದೆ. ವೇಗದಲ್ಲಿರುವಾಗ ಗೇರು ತೆಗೆದು ನ್ಯೂಟ್ರಲ್ ಮಾಡಿದರೂ ಅದುರುವುದು ನಿಲ್ಲುವುದಿಲ್ಲ ಅಂದೆ. ಅವರ ಇದ್ದೊಂದು ಹುಬ್ಬು ಮೇಲೇರಿತು. ಹಾಗಾದರೆ ಎಂಜಿನ್ ತಂಟೆಗೆ ಹೋಗುವ ಕೆಲಸವಿಲ್ಲ, ಗಾಲಿ ನೋಡೋಣ ಎಂದರು.

ಮುಂದಿನ ಎರಡು ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ, ನನ್ನ ಕೈಗೇ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಕೂತರು. ಅಪ್ಪ, ಅಣ್ಣ ಹಿಂದೆ. ಅರವತ್ತು ದಾಟಿತು. ಸ್ಟೀರಿಂಗು ತಣ್ಣಗಿತ್ತು, ಹಿಂದಿನ ಸೀಟು ಅದುರಿತು. ನಡುಕ ಗಾಲಿಯ ಜೊತೆ ಹಿಂದಕ್ಕೆ ಹೋಗಿತ್ತು. ವಾಪಸು ಬಂದು ಆ ಎರಡು ಗಾಲಿ ಬಿಚ್ಚಿ, ಒಂದೊಂದನ್ನೇ ಮುಂದಿನ ಅಚ್ಚಿಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸಿದರು. ಒಂದು ಎಲ್ಲೆಂದರಲ್ಲಿ ನಿಂತಿತು. ಇನ್ನೊಂದಕ್ಕೆ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ ಹತ್ತು ಸಲ ತಿರುಗಿಸಿದರು. ಹತ್ತು ಸಲವೂ ಆ ಗುರುತು ಕೆಳಗೇ ಬಂದು ನಿಂತಿತು. ಅಲ್ಲಿ ಏನೋ ಭಾರವಿದೆ ಎಂದು ಗಾಲಿಯನ್ನು ಮಗುಚಿ ನೋಡಿದರು. ಒಳಗಡೆ ರಿಮ್ಮಿಗೆ ಅಂಗೈಯಗಲದ ಕಪ್ಪು ಮಣ್ಣು, ಇಟ್ಟಿಗೆಯಷ್ಟು ಗಟ್ಟಿ. ಉಳಿಯಿಂದ ಎಬ್ಬಿಸಿದರೆ ಮಣ್ಣಿನ ತುಂಬ ತೆಂಗಿನ ನಾರು.

ಅದು ಕೆರೆ ಗೋಡು. ಕೆರೆ ಒಣಗಿದಾಗ ಹೂಳೆತ್ತಿ ತೆಂಗಿನ ತೋಟಕ್ಕೆ ಹೊಡೆಸುವ ಮಣ್ಣು. ಅದು ಯಾರಿಗೂ ಹೊಸದಲ್ಲ. ಹಾಲ್ಕುರಿಕೆ ಕಡೆಯ ನಮ್ಮ ತೋಟಕ್ಕೂ ಆ ಬೇಸಿಗೆಯಲ್ಲಿ ಗೋಡು ಹೊಡೆಸಿ ನೀರು ಬಿಟ್ಟಿದ್ದರು. ನಾನು ಒಂದು ದಿನವೂ ತೋಟಕ್ಕೆ ಕಾರು ಓಡಿಸಿಕೊಂಡು ಹೋದವಳಲ್ಲ.

ಮೇಸ್ತ್ರಿ ಆ ಹೆಂಟೆಯನ್ನು ಕೈಯಲ್ಲಿ ಹಿಡಿದು, ಗೋಡಿನೊಳಕ್ಕೆ ಕಾರು ಇಳಿಸಿದ್ದು ಯಾರು ಎಂದು ಕೇಳಿದರು. ಎರಡನೇ ಸಲ ಕೇಳಿದ ಮೇಲೆ ಅಣ್ಣ ಬಾಯಿ ಬಿಟ್ಟ. ಗೆಳೆಯರನ್ನು ಎಳನೀರಿಗೆಂದು ಕರೆದೊಯ್ದು, ಗೋಡಿನಲ್ಲಿ ಗಾಲಿ ಹೂತು, ಆಳುಗಳಿಂದ ತಳ್ಳಿಸಿ, ಹೊರಗೆ ಕಾಣುವಷ್ಟು ತೊಳೆದು ಮನೆಗೆ ತಂದಿದ್ದ. ಮರುದಿನ ಕಾರು ನಡುಗಿದಾಗ ನನ್ನ ಹೆಸರು ಹೇಳಿದ್ದ.

ಅಪ್ಪ ಎದ್ದು ನಿಂತರು. "ಹೋಗ್ಲಿ ಬುಡಿ ಮೇಸ್ತ್ರಿ, ಮಣ್ಣು ತಾನೆ. ಸರಿ ಹೋಯ್ತಲ್ಲ" ಅಂದರು.

"ಮಣ್ಣು ನಾನು ತೆಗ್ದೆ ಯಜಮಾನ್ರೇ. ಈ ಮಗೀಗೆ ಅಂದ ಮಾತು ನೀವು ತೆಗೀಬೇಕು. ಇಲ್ಲೇ ತೆಗೀರಿ."

ಪಕ್ಕದ ಟೀ ಅಂಗಡಿಯಲ್ಲಿ ಏಳೆಂಟು ಜನ ಲೋಟ ಹಿಡಿದು ಕೂತಿದ್ದರು. ಎಲ್ಲರೂ ನಮ್ಮತ್ತ ನೋಡಿದರು. ಅಪ್ಪ ಸೀದಾ ಹೋಗಿ ಕಾರು ಹತ್ತಿದರು. ಹದಿನೈದು ದಿನ ಬಿಟ್ಟು ಕಾರಿನ ಕೀಲಿ ನನಗೆ ಸಿಕ್ಕಿತು. ಬೇಡ ಅನ್ನಲು ಕಾರಣ ಉಳಿದಿರಲಿಲ್ಲ, ಅಷ್ಟೇ.

ಆದರೆ ಅಪ್ಪ ಮತ್ತೆ ಆ ಹುಣಸೆಮರದ ಕೆಳಗೆ ಕಾಲಿಡಲಿಲ್ಲ. ಮೇಸ್ತ್ರಿಗೆ ದೊಡ್ಡವರು ಚಿಕ್ಕವರು ಅನ್ನುವುದು ಗೊತ್ತಿಲ್ಲ ಎಂದು ಮಂಡಿಯಲ್ಲೆಲ್ಲ ಹೇಳಿದರು. ಬೆಂಚಿನ ಮೇಲೆ ಕೂತು ಉರಿದುಕೊಂಡಿದ್ದ ಸಾಹುಕಾರರಿಗೆ ಅಷ್ಟೇ ಸಾಕಿತ್ತು. ವರ್ಷ ತುಂಬುವುದರೊಳಗೆ ಮಂಡಿಯ ಕಾರುಗಳೆಲ್ಲ ಬೇರೆ ಕಡೆ ಹೋದವು. ಮೇಸ್ತ್ರಿ ತಗಡು ಬಿಚ್ಚಿಕೊಂಡು ಹುಳಿಯಾರಿಗೆ ಹೋಗಿ ಯಾರದೋ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕೂಲಿಗೆ ಸೇರಿದರು. ಅವರು ತೀರಿಕೊಂಡ ಸುದ್ದಿ ನನ್ನ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅಣ್ಣನ ಬಾಯಿಂದಲೇ ಬಂತು. ಒಳ್ಳೆ ಕೆಲಸಗಾರ, ಬಾಯೊಂದು ಸರಿಯಿರಲಿಲ್ಲ ಅಂದ. ಸಿಟ್ಟು ನೆತ್ತಿಗೇರಿ ಎದ್ದು ಒಳಗೆ ಹೋದೆ.

ಒಳಗೆ ಹೋದ ಮೇಲೆ ಸಿಟ್ಟು ಯಾರ ಮೇಲೆ ಎಂದು ಯೋಚಿಸಿದೆ. ಆ ಗ್ಯಾರೇಜು ಖಾಲಿಯಾಗುತ್ತಿದ್ದ ವರ್ಷವೆಲ್ಲ ನಾನು ದಿನಾ ಬೆಳಿಗ್ಗೆ ಅದರ ಮುಂದೆಯೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಮೇಸ್ತ್ರಿ ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ. ಮನೆಗೆ ಬಂದು ಅಪ್ಪನ ಎದುರು ಅವರ ಪರವಾಗಿ ಒಂದು ಮಾತು ಆಡಲಿಲ್ಲ. ಆಡಿದರೆ ಕೀಲಿ ಮತ್ತೆ ಹೋದೀತೆಂಬ ಹೆದರಿಕೆಯಿತ್ತು.